ವಿಷಯ: ‘ವಲ್ನರಬಿಲಿಟಿ’ಗೆ ‘ದುರ್ಬಲತೆ’ ಬೇಡ, ‘ತೂತು’ ಸಾಕು

ಮೇಡಂ, ಗೌರಿಬಿದನೂರಿನ ಲೈಬ್ರರಿಯ ಕಂಪ್ಯೂಟರ್ ಎಚ್ಚರಿಕೆ ಫಲಕಕ್ಕೆ ಟ್ರೋಜನ್, ವಲ್ನರಬಿಲಿಟಿ, ಎಕ್ಸ್‌ಪ್ಲಾಯ್ಟ್ ಇವಕ್ಕೆ ನಾಳೆ ಸಂಜೆಯೊಳಗೆ ಕನ್ನಡ ಪದ ಬೇಕು ಅಂದಿದ್ದೀರಿ. ಎರಡು ದಿನದಿಂದ ಇಲ್ಲಿ ಟ್ರೋಜನ್ ಅನ್ನೋ ಹೆಸರಿನ ಹಿಂದಿನ ಕುದುರೆ ಬಗ್ಗೆಯೇ ಮಾತು. ನೀವು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಚಿಂತಾಮಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ದಿನಾ ಇದನ್ನೇ ಕನ್ನಡದಲ್ಲೋ ತೆಲುಗಿನಲ್ಲೋ ಬಿಡಿಸಿ ಹೇಳಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಟ್ರೋಜನ್ ಅಂದರೆ ಒಳ್ಳೆಯದರ ವೇಷದಲ್ಲಿ ಕಂಪ್ಯೂಟರಿನೊಳಗೆ ಸೇರಿ ಕೇಡು ಮಾಡುವ ಪ್ರೋಗ್ರಾಂ. ಅದು ಟ್ರೋಜನ್ ಆಗಿಯೇ ಇರಲಿ. ಕೆಲವರು ಹೇಳಿದ ‘ಮಾಯಾಶ್ವ’ ಬೇಡವೇ ಬೇಡ. ಮೇಷ್ಟ್ರು ಹೇಳಿದ ‘ಮರದಾನೆ’ ನನಗೂ ಇಷ್ಟವಾಯಿತು. ಉಜ್ಜಯಿನಿಯ ರಾಜ ಹುಸಿ ಆನೆಯೊಳಗೆ ಸೈನಿಕರನ್ನು ಬಚ್ಚಿಟ್ಟು ಉದಯನನನ್ನು ಹಿಡಿಸಿದ ಕಥೆ ನಮ್ಮದೇ. ಟ್ರೋಜನ್ ಹೆಸರು ಬಂದದ್ದು ಗ್ರೀಕರು ಮರದ ಕುದುರೆಯೊಳಗೆ ಸೈನಿಕರನ್ನು ಅಡಗಿಸಿ ಟ್ರಾಯ್ ಊರಿಗೆ ನುಗ್ಗಿದ ಕಥೆಯಿಂದ. ಅದರಲ್ಲಿ ಟ್ರಾಯ್‌ನವರು, ಅಂದರೆ ಟ್ರೋಜನ್ನರು, ಮೋಸ ಹೋದವರು, ಕುದುರೆ ಗ್ರೀಕರದ್ದು, ಹಾಗಾಗಿ ಮೂಲದ ಹೆಸರೂ ಸರಿ ಇಲ್ಲ, ಒಪ್ಪುತ್ತೇನೆ. ಆದರೆ ಮೇಷ್ಟ್ರೇ, ಆಂಟಿವೈರಸ್ ಎಚ್ಚರಿಸುವಾಗ ಪರದೆ ಮೇಲೆ ಬರುವುದು ‘ಟ್ರೋಜನ್’. ಫಲಕದಲ್ಲಿ ಆನೆ ಅಂತ ಓದಿದವರಿಗೆ ಎರಡೂ ಒಂದೇ ಅಂತ ಹೇಗೆ ಗೊತ್ತಾಗಬೇಕು?

ಇನ್ನು ವಲ್ನರಬಿಲಿಟಿ, ಅಂದರೆ ಕಳ್ಳರು ಒಳಗೆ ನುಗ್ಗಲು ದಾರಿಯಾಗುವ ಸಾಫ್ಟ್‌ವೇರಿನ ಲೋಪ. ‘ದುರ್ಬಲತೆ’ ತಪ್ಪು. ಹಳೇ ಮೈಕ್ರೋಸಾಫ್ಟ್ ಆಫೀಸಿನಲ್ಲಿ ಗಣಿತದ ಸಮೀಕರಣ ಬರೆಯಲು ಈಕ್ವೇಶನ್ ಎಡಿಟರ್ ಅಂತ ಇತ್ತು, 2000ದ ಕಾಲದ್ದು. ಫಾಂಟಿನ ಹೆಸರಿಗೆ ಅದರಲ್ಲಿ ಇಷ್ಟೇ ಜಾಗ ಅಂತ ಬಿಟ್ಟಿದ್ದರು, ಬಂದ ಹೆಸರು ಅಷ್ಟರಲ್ಲಿ ಹಿಡಿಯುತ್ತದಾ ಅಂತ ಅದು ನೋಡುತ್ತಿರಲಿಲ್ಲ. ಬೇಕಂತಲೇ ಉದ್ದದ ಹೆಸರು ತುಂಬಿದ ಫೈಲ್ ತೆರೆದರೆ, ಪಾವಿಗೆ ಸೇರು ರಾಗಿ ಸುರಿದ ಹಾಗೆ ಪಕ್ಕಕ್ಕೆ ಚೆಲ್ಲುತ್ತಿತ್ತು, ಚೆಲ್ಲಿದ್ದನ್ನು ಕಂಪ್ಯೂಟರ್ ಆದೇಶ ಅಂತಲೇ ನಡೆಸಿಬಿಡುತ್ತಿತ್ತು. ಟ್ರೋಜನ್ ಇಳಿಯುತ್ತಿದ್ದದ್ದು ಹೀಗೆ. ಇದನ್ನು ಮುಚ್ಚಿದ್ದು 2017ರ ನವೆಂಬರಿನಲ್ಲಿ.

ಇದು ತೂತು. ಗೋಡೆ ಗಟ್ಟಿಯಾಗಿಯೇ ಇದೆ, ಕಟ್ಟಿದವರು ಒಂದು ಕಡೆ ತೂತು ಬಿಟ್ಟಿದ್ದಾರೆ. ಅದರಲ್ಲಿ ನುಗ್ಗುವುದೇ ಎಕ್ಸ್‌ಪ್ಲಾಯ್ಟ್, ಅದಕ್ಕೆ ನಮ್ಮಲ್ಲಿ ‘ಕನ್ನ’ ಅನ್ನೋ ಪದ ಇದೆ. ತೆಲುಗಿನಲ್ಲೂ ಕನ್ನಂ, ತಮಿಳಿನಲ್ಲೂ ಕನ್ನಂ, ಮೂರರಲ್ಲೂ ಕಳ್ಳ ಗೋಡೆ ಕೊರೆಯುವ ಮಾತೇ. ‘ಖಾತೆಗೆ ಕನ್ನ’ ಅಂತ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಎಕ್ಸ್‌ಪ್ಲಾಯ್ಟ್‌ಗೆ ‘ಶೋಷಣೆ’ ಅಂತ ಬರೆದಿದ್ದೀರಿ. ಶೋಷಣೆ ಆಗುವುದು ಮನುಷ್ಯರಿಗೆ. ಆ ಪದ ಬಿಟ್ಟುಬಿಡಿ.

ಎಲ್ಲ ಟ್ರೋಜನ್‌ಗೂ ತೂತು ಬೇಕಿಲ್ಲ ಅನ್ನೋದನ್ನೂ ಫಲಕದಲ್ಲಿ ಮರೆಯಬೇಡಿ. ಮದುವೆ ಆಮಂತ್ರಣ ಅಂತ ವಾಟ್ಸಾಪಿಗೆ ಬರುವ ಎಪಿಕೆ ಫೈಲನ್ನು (ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ನಾವೇ ಇನ್‌ಸ್ಟಾಲ್ ಮಾಡುತ್ತೇವೆ, ಮೆಸೇಜ್ ಓದಲು ಅನುಮತಿಯನ್ನೂ ನಾವೇ ಒತ್ತುತ್ತೇವೆ. ಒಟಿಪಿ ಅದರ ಕೈಗೆ ಹೋಗುತ್ತದೆ. ಅಲ್ಲಿ ಕನ್ನ ಇಲ್ಲ, ಬಾಗಿಲು ತೆಗೆದವರು ನಾವು.

ಟ್ರೋಜನ್ ‘ಪರಕೀಯ ಪದ’ ಅಂತ ಕೆಲವರು ಸಿಟ್ಟಾಗಿದ್ದೀರಿ. ಅಶ್ವ ಮಾತ್ರ ಎಲ್ಲಿಯದು? ಸಂಸ್ಕೃತದ್ದಲ್ವಾ? ಚಾವಿ ಪೋರ್ಚುಗೀಸರ ಕಡೆಯಿಂದ ಬಂದದ್ದು. ಜನರ ಬಾಯಲ್ಲಿ ಇರುವುದನ್ನು ಉಳಿಸಿಕೊಳ್ಳೋಣ. ನನಗೆ ನೋವಾಗುವುದು ತೂತು, ಕನ್ನ, ತೇಪೆಯಂಥ (ತೂತು ಮುಚ್ಚುವ ‘ಪ್ಯಾಚ್’) ಪದಗಳು ಮನೆಯಲ್ಲೇ ಇದ್ದೂ ಸುಮ್ನೆ ಹೊಸದು ಕಟ್ಟಿದಾಗ.

ಟ್ರೋಜನ್ ಓಡಿಸುವುದಕ್ಕೆ ‘ನಿರ್ಮೂಲನೆ’ಯೂ ಬೇಡ, ‘ತೆಗೆಯುವುದು’ ಸಾಕು. ಆದರೆ ತೆಗೆದರಷ್ಟೇ ಸಾಲದು. ಹೋದ ತಿಂಗಳು ಒಬ್ಬ ಹುಡುಗನ ಲ್ಯಾಪ್‌ಟಾಪ್ ಒಂದೇ ವಾರದಲ್ಲಿ ಎರಡು ಸಲ ಅಂಗಡಿಗೆ ಬಂತು. ಮೊದಲ ಸಲ ಟ್ರೋಜನ್ ತೆಗೆದಿದ್ದೆ, ಆಫೀಸ್ ಮಾತ್ರ ಹಳೆಯದೇ ಇತ್ತು. ಮೇಲ್‌ನಲ್ಲಿ ಬಂದಿದ್ದ ಅದೇ ಬಿಲ್ ಫೈಲನ್ನು ಹುಡುಗ ಮತ್ತೆ ತೆರೆದಿದ್ದ, ಮತ್ತೆ ಅದೇ ತೂತು.

ಫಲಕಕ್ಕೆ ಹೀಗೆ ಬರೆಯಿರಿ:

“ಗೊತ್ತಿಲ್ಲದ ಫೈಲ್ ತೆರೆಯಬೇಡಿ. ಸಾಫ್ಟ್‌ವೇರಿನ ತೂತು ಮುಚ್ಚಲು ಅಪ್‌ಡೇಟ್ ಬಂದ ಕೂಡಲೇ ಹಾಕಿ. ಟ್ರೋಜನ್ ಇದೆ ಅನ್ನಿಸಿದರೆ ಮೊದಲು ಇಂಟರ್ನೆಟ್ ಬಂದ್ ಮಾಡಿ. ಆಫ್‌ಲೈನ್ ಸ್ಕ್ಯಾನ್ ಮಾಡಿ. ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.”

ಆಫ್‌ಲೈನ್ ಸ್ಕ್ಯಾನ್ ಯಾಕೆ ಅಂತ ಕೇಳಿದರೆ, ವಿಂಡೋಸ್ ಏಳುವ ಮುಂಚೆಯೇ ಅದು ಹುಡುಕುತ್ತದೆ, ಆಗ ಟ್ರೋಜನ್‌ಗೆ ಅಡಗಿಕೊಳ್ಳುವುದು ಕಷ್ಟ ಅಂತ ಹೇಳಿ. ಅದಕ್ಕೂ ಹೋಗದಿದ್ದರೆ ಬೇಕಾದ ಫೈಲ್ ಎತ್ತಿಟ್ಟುಕೊಂಡು ಫಾರ್ಮ್ಯಾಟ್ ಮಾಡುವುದೇ ದಾರಿ.

ಫ್ಲೆಕ್ಸಿನವರಿಗೆ ಪಿಡಿಎಫ್ ಮಾಡಿಯೇ ಕಳಿಸಿ ಮೇಡಂ. ಅವರ ಹತ್ತಿರ ಹಳೇ ‘ನುಡಿ’ ಟೈಪಿಂಗ್ ಸಾಫ್ಟ್‌ವೇರ್ ಇದ್ದರೆ ಒತ್ತಕ್ಷರ ಒಡೆದುಹೋಗುತ್ತವೆ, ‘ಪಾಸ್‌ವರ್ಡ್’ ಓದೋಕೇ ಆಗಲ್ಲ.