ಸಹಾಯ ಬೇಕು: ಕೂಸನ್ನು ಬಟ್ಟೆಯಲ್ಲಿ ಸುತ್ತುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಗಳಿಗೆ ಇನ್ನೂ ತಿಂಗಳು ತುಂಬಿಲ್ಲ. ನಿದ್ದೆಯಲ್ಲಿ ಇದ್ದಕ್ಕಿದ್ದ ಹಾಗೆ ಬೆಚ್ಚಿ, ಎರಡೂ ಕೈ ಮೇಲೆತ್ತಿ ಅಳುತ್ತಾ ಏಳುತ್ತಾಳೆ. ಸುತ್ತಿ ಮಲಗಿಸಿದರೆ ಮಾತ್ರ ಒಳ್ಳೆ ನಿದ್ದೆ.

ಅಮ್ಮ ಹಳೇ ಕಾಟನ್ ಸೀರೆ ತುಂಡಿನಲ್ಲಿ ಕಾಲು ನೇರ ಮಾಡಿ ಬಿಗಿಯಾಗಿ ಸುತ್ತುತ್ತಾರೆ. ಇಲ್ಲದಿದ್ದರೆ ಕಾಲು ಸೊಟ್ಟ ಆಗುತ್ತಂತೆ! ಡಾಕ್ಟರ್ ಹೇಳಿದ್ದು ಉಲ್ಟಾ: ಹಾಗೆ ಸುತ್ತಿದರೆ ಸೊಂಟದ ಕೀಲಿಗೆ ತೊಂದರೆ, ಕಾಲು ಮಡಚಿ ಅಗಲಿಸಲು ಜಾಗ ಬಿಡಿ, ಎದೆ ಹತ್ತಿರ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ, ಅಂಗಾತವೇ ಮಲಗಿಸಿ.

ಆದರೆ ನಾನು ಸಡಿಲವಾಗಿ ಸುತ್ತಿದರೆ ಒದ್ದು ಬಿಚ್ಚಿಕೊಳ್ಳುತ್ತಾಳೆ. ಬಟ್ಟೆ ಮುಖಕ್ಕೆ ಬಂದುಬಿಟ್ಟರೆ ಅಂತ ಭಯ. ತುದಿಯನ್ನು ನೀವು ಎಲ್ಲಿ ಸಿಕ್ಕಿಸುತ್ತೀರಿ? ಮಂಗಳೂರಿನ ಸೆಕೆಗೆ ಒಳಗೆ ಅಂಗಿ ಬೇಕಾ, ಬರೀ ಲಂಗೋಟಿ ಸಾಕಾ? ಮಗುಚಲು ಶುರು ಮಾಡಿದರೆ ಸುತ್ತುವುದು ನಿಲ್ಲಿಸಬೇಕು ಅಲ್ವಾ, ಆ ಅಭ್ಯಾಸ ಹೇಗೆ ಬಿಡಿಸಿದಿರಿ? ಅಮ್ಮನಿಗೆ ಬೇಜಾರಾಗದ ಹಾಗೆ ಹೇಳುವ ಉಪಾಯ ಇದ್ದರೂ ತಿಳಿಸಿ.