ರಕ್ತ ಹೆಪ್ಪುಗಟ್ಟುವ ತೊಂದರೆಯಿಂದ ಮಗು ಉಳಿಯದೆ ಹೋದವರು ಇದ್ದೀರಾ? ಅನುಭವ ಹೇಳಿ

ನಮ್ಮದು ತೀರ್ಥಹಳ್ಳಿ ಪಕ್ಕದ ಹಳ್ಳಿ. ಎರಡು ಸಲ ಗರ್ಭ ಉಳಿಯಲಿಲ್ಲ. ಎರಡನೆಯದು ನಾಲ್ಕನೇ ತಿಂಗಳಲ್ಲಿ ಹೋಯಿತು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಲೂಪಸ್ ಆಂಟಿಕೊಯಾಗುಲೆಂಟ್ (ರಕ್ತ ಬೇಗ ಹೆಪ್ಪುಗಟ್ಟಿಸುವ ಒಂದು ಅಂಶ) ಪಾಸಿಟಿವ್ ಬಂತು. ಮುಂದಿನ ಸಲ ದಿನಾ ಹೆಪಾರಿನ್ ಅಂತ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್ ಬೇಕು ಅಂದಿದ್ದಾರೆ. ಅತ್ತೆ ಮಾತ್ರ ಸಿಗಂದೂರಿಗೆ ಹರಕೆ ಹೊತ್ತರೆ ಸಾಕು, ಒಂಬತ್ತು ತಿಂಗಳು ಸೂಜಿ ಚುಚ್ಚಿಕೊಂಡರೆ ಮಗುವಿಗೆ ಏನಾದರೂ ಆಗುತ್ತೆ ಅಂತಾರೆ. ಹಳ್ಳಿಯಲ್ಲಿದ್ದುಕೊಂಡು ಇದೆಲ್ಲ ಆಗುತ್ತಾ? ಗೊತ್ತಿದ್ದವರು ಹೇಳಿ.

ಸಾಗರದಿಂದ

ಆಗುತ್ತೆ ಕಣ್ರೀ. ನನಗೂ ಇದೇ ತೊಂದರೆ ಇತ್ತು, ಈಗ ಮಗಳು ಶಾಲೆಗೆ ಹೋಗ್ತಿದ್ದಾಳೆ. ಅದನ್ನು ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ನೀವೀಗ ಯಾವ ಸ್ಥಿತಿಯಲ್ಲಿದ್ದೀರಿ ಅಂತ ನನಗೆ ಗೊತ್ತು.

ನಿಮಗೆ ಇರಬಹುದು ಅಂತ ಅನುಮಾನ ಇರೋದು ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್, ಡಾಕ್ಟರುಗಳು ಎಪಿಎಸ್ ಅಂತಾರೆ. ನಮ್ಮದೇ ದೇಹ ತಪ್ಪಾಗಿ ಕೆಲವು ಆಂಟಿಬಾಡಿ ತಯಾರಿಸುತ್ತೆ. ಅದರಿಂದ ರಕ್ತ ಬೇಗ ಹೆಪ್ಪುಗಟ್ಟುತ್ತೆ, ಮಾಸು ಸರಿಯಾಗಿ ಬೇರೂರೋದಕ್ಕೂ ಬಿಡೋದಿಲ್ಲ. ಪಪ್ಪಾಯಿ ತಿಂದದ್ದಕ್ಕೋ ಕೊಡ ಎತ್ತಿದ್ದಕ್ಕೋ ಬರೋದಲ್ಲ ಇದು. ಯಾರಾದರೂ ಹಾಗೆ ಅಂದರೆ ದಯವಿಟ್ಟು ತಲೆಗೆ ಹಚ್ಚಿಕೊಳ್ಳಬೇಡಿ.

ಒಂದೇ ಸಲದ ರಿಪೋರ್ಟ್ ನಂಬಿ ಕೂರಬೇಡಿ. ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಯಾವುದಾದರೂ ಜ್ವರ, ಸೋಂಕು ಬಂದು ಹೋದಾಗಲೂ ಸ್ವಲ್ಪ ದಿನ ಪಾಸಿಟಿವ್ ಬರಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಜ್ವರ ಬಾರದ ಮನೆ ಯಾವುದಿದೆ ಹೇಳಿ. ಲೂಪಸ್ ಆಂಟಿಕೊಯಾಗುಲೆಂಟ್ ಜೊತೆಗೆ ಆಂಟಿಕಾರ್ಡಿಯೊಲಿಪಿನ್, ಬೀಟಾ 2 ಗ್ಲೈಕೊಪ್ರೋಟೀನ್ ಅಂತ ಇನ್ನೆರಡು ಪರೀಕ್ಷೆ ಇವೆ. ಮೂರೂ ಆಗಿವೆಯಾ ಅಂತ ಕೇಳಿ. ಹೆಪಾರಿನ್ ತಗೊಳ್ತಾ ಇರುವಾಗ ರಕ್ತ ಕೊಟ್ಟರೆ ಲೂಪಸ್ ಆಂಟಿಕೊಯಾಗುಲೆಂಟ್ ಪರೀಕ್ಷೆ ತಪ್ಪು ತೋರಿಸಬಹುದು, ಹಾಗಾಗಿ ಮೊದಲೇ ಮುಗಿಸಿಕೊಳ್ಳಿ.

ನನಗೆ ಕೊಟ್ಟದ್ದು ಆಸ್ಪಿರಿನ್ 75 ಮಿಲಿಗ್ರಾಂ ಮಾತ್ರೆ, ಜೊತೆಗೆ ಇನಾಕ್ಸಪಾರಿನ್ (ಹೆಪಾರಿನ್‌ನದೇ ಒಂದು ಬಗೆ) 40 ಮಿಲಿಗ್ರಾಂ ಇಂಜೆಕ್ಷನ್. ನಿಮ್ಮ ತೂಕ ನೋಡಿ ಡೋಸ್ ಬೇರೆ ಆಗಬಹುದು, ಅದನ್ನು ಡಾಕ್ಟರೇ ಹೇಳಬೇಕು. 1997ರಲ್ಲಿ ಲಂಡನ್ನಿನಲ್ಲಿ ಈ ತೊಂದರೆ ಇದ್ದ 90 ಹೆಂಗಸರ ಮೇಲೆ ಒಂದು ಅಧ್ಯಯನ ಆಗಿತ್ತು. ಬರೀ ಆಸ್ಪಿರಿನ್ ತಗೊಂಡವರಲ್ಲಿ 42% ಜನರಿಗೆ ಮಗು ಉಳಿಯಿತು, ಹೆಪಾರಿನ್ನೂ ಸೇರಿಸಿ ತಗೊಂಡವರಲ್ಲಿ 71%. ಅತ್ತೆಯವರಿಗೆ ಈ ಲೆಕ್ಕ ಬೇಡ ಬಿಡಿ. ಹೆಪಾರಿನ್ ಮಾಸು ದಾಟಿ ಮಗುವಿನ ಹತ್ತಿರ ಹೋಗೋದೇ ಇಲ್ಲ ಅಂತ ಹೇಳಿ, ಅವರ ಭಯ ಇರೋದು ಅಲ್ಲೇ ಅಲ್ವಾ. ಹರಕೆಯೂ ಇರಲಿ, ಸೂಜಿಯೂ ಇರಲಿ. ಒಂದಕ್ಕೊಂದು ಅಡ್ಡ ಬರೋದಿಲ್ಲ.

ಇಂಜೆಕ್ಷನ್ ನೀವೇ ಕೊಟ್ಟುಕೊಳ್ಳಬಹುದು. ನನಗೆ ನಮ್ಮೂರಿನ ಆರೋಗ್ಯ ಕೇಂದ್ರದ ನರ್ಸ್ ಕಲಿಸಿಕೊಟ್ಟರು. ಹೊಕ್ಕುಳಿನಿಂದ ಸ್ವಲ್ಪ ದೂರ ಬಿಟ್ಟು ಪಕ್ಕದ ಚರ್ಮ ಮಡಿಸಿ ಹಿಡಿದು ನೇರವಾಗಿ ಚುಚ್ಚಬೇಕು, ಔಷಧಿ ಪೂರ್ತಿ ಹೋಗುವ ತನಕ ಮಡಿಕೆ ಬಿಡಬಾರದು. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. 40ರ ಡೋಸ್ ತುಂಬಿಯೇ ಬರುವ ಸಿರಿಂಜಿನಲ್ಲಿ ಕಾಣುವ ಗಾಳಿಗುಳ್ಳೆಯನ್ನು ಹೊರಗೆ ತಳ್ಳಬೇಡಿ, ಕೊಟ್ಟ ಮೇಲೆ ಆ ಜಾಗ ಉಜ್ಜಲೂಬೇಡಿ. ಆದರೂ ಹೊಟ್ಟೆ ಮೇಲೆ ನೀಲಿ ಕಲೆ ಆಗುತ್ತೆ. ನೋಡಿದವರು ಗಾಬರಿ ಆಗ್ತಾರೆ, ನೀವು ಆಗಬೇಡಿ. ಫ್ರಿಜ್ ಬೇಕಿಲ್ಲ, 25 ಡಿಗ್ರಿ ಒಳಗಿನ ತಂಪು ಜಾಗ ಸಾಕು, ಹಾಗಾಗಿ ಮಳೆಗಾಲದಲ್ಲಿ ಕರೆಂಟ್ ಹೋಯಿತು ಅಂತ ಚಿಂತೆ ಇಲ್ಲ. ಮಧ್ಯೆ ಪ್ಲೇಟ್‌ಲೆಟ್ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿಕೊಳ್ಳಿ. ಖರ್ಚು ನಿಜಕ್ಕೂ ಜಾಸ್ತಿ. ಜನೌಷಧಿ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ಶಿವಮೊಗ್ಗ ಪೇಟೆಯಿಂದ

ಮೇಲಿನವರು ಹೇಳಿದ್ದು ಎಪಿಎಸ್‌ಗೆ ಸರಿ. ಆದರೆ ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ರಕ್ತ ಹೆಪ್ಪುಗಟ್ಟುವ ತೊಂದರೆ ಅಂದ ತಕ್ಷಣ ಎಲ್ಲರಿಗೂ ಹೆಪಾರಿನ್ ಅಲ್ಲ.

ನನಗೆ ಪ್ರೋಟೀನ್ ಎಸ್ (ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಅಂಶ) ಕಡಿಮೆ ಅಂತ ಬಂದಿತ್ತು. ಆ ಪರೀಕ್ಷೆ ಮಾಡಿದ್ದೇ ಗರ್ಭಿಣಿ ಇದ್ದಾಗ. ಗರ್ಭಿಣಿಯರಲ್ಲಿ ಪ್ರೋಟೀನ್ ಎಸ್ ತಾನಾಗೇ ಇಳಿಯುತ್ತೆ ಅಂತ ಆಗ ಯಾರೂ ಹೇಳಲಿಲ್ಲ. ಕೆಲವು ತಿಂಗಳು ಬಿಟ್ಟು ಬೇರೆ ಕಡೆ ಮಾಡಿಸಿದರೆ ನಾರ್ಮಲ್. ಅಷ್ಟು ದಿನ ಪಟ್ಟ ಸಂಕಟ ಸುಮ್ನೆ ಅಂತ ಈಗಲೂ ಸಿಟ್ಟು ಬರುತ್ತೆ.

ಫ್ಯಾಕ್ಟರ್ 5 ಲೈಡನ್, ಪ್ರೋಥ್ರಾಂಬಿನ್ ಬದಲಾವಣೆ, ಪ್ರೋಟೀನ್ ಸಿ ಅಥವಾ ಪ್ರೋಟೀನ್ ಎಸ್ ಕೊರತೆ, ಇವು ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುವ, ಹುಟ್ಟಿನಿಂದ ಬರುವ ತೊಂದರೆಗಳು. ಇವು ಇದ್ದು ಮತ್ತೆ ಮತ್ತೆ ಗರ್ಭಪಾತ ಆದ 326 ಹೆಂಗಸರ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆಪಾರಿನ್ ತಗೊಂಡವರಲ್ಲಿ 72% ಜನರಿಗೆ ಮಗು ಆಯಿತು, ತಗೊಳ್ಳದವರಲ್ಲಿ 71%. ಅಂದರೆ ಮಗು ಉಳಿಸೋದಕ್ಕೆ ಅಂತ ಅಲ್ಲಿ ಸೂಜಿಯಿಂದ ಉಪಯೋಗ ಕಾಣಲಿಲ್ಲ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ಹೆಪ್ಪುಗಟ್ಟಿದ್ದರೆ ಮಾತು ಬೇರೆ, ಆಗ ತಾಯಿಯ ಜೀವಕ್ಕಾಗಿ ಬೇಕಾಗುತ್ತೆ. ಅಡಿಕೆ ಮಾರಿದ ದುಡ್ಡೆಲ್ಲ ದೊಡ್ಡ ಟೆಸ್ಟ್ ಪ್ಯಾಕೇಜಿಗೆ ಸುರಿಯುವ ಮೊದಲು ಯಾವ ಪರೀಕ್ಷೆ ಯಾಕೆ ಅಂತ ಒಂದೊಂದಾಗಿ ಕೇಳಿ.

ಹೊಸನಗರ ಕಡೆಯಿಂದ

ನಮ್ಮ ಅಕ್ಕನದು ಪೂರ್ತಿ ಉಲ್ಟಾ. ಅವಳಿಗೆ ರಕ್ತ ಹೆಪ್ಪುಗಟ್ಟುತ್ತಿತ್ತು, ಆದರೆ ಆ ಹೆಪ್ಪು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಹೆಪ್ಪನ್ನು ಗಟ್ಟಿ ಮಾಡುವ ಫ್ಯಾಕ್ಟರ್ 13 ಅನ್ನೋ ಅಂಶದ ಕೊರತೆ. ತುಂಬಾ ಅಪರೂಪ. ನಮ್ಮ ಅಮ್ಮ ಮದುವೆಯಾದದ್ದು ಸ್ವಂತ ಸೋದರಮಾವನನ್ನು, ಹಾಗೆ ಹತ್ತಿರದ ಸಂಬಂಧದಲ್ಲಿ ಹುಟ್ಟಿದವರಲ್ಲಿ ಇದು ಬರುವ ಸಾಧ್ಯತೆ ಜಾಸ್ತಿ. ಅಕ್ಕನ ಗರ್ಭ ಪ್ರತಿ ಸಲ ಎರಡನೇ ತಿಂಗಳು ತುಂಬುವ ಮೊದಲೇ ರಕ್ತಸ್ರಾವ ಆಗಿ ಹೋಗುತ್ತಿತ್ತು. ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡುವ ಮಾಮೂಲಿ ಪಿಟಿ, ಎಪಿಟಿಟಿ ಪರೀಕ್ಷೆ ಎರಡೂ ಸರಿ ಇದ್ದವು. ಈ ಕೊರತೆ ಅವುಗಳಲ್ಲಿ ಕಾಣೋದೇ ಇಲ್ಲ. ಹುಟ್ಟಿದಾಗ ಹೊಕ್ಕುಳಬಳ್ಳಿ ಉದುರಿದ ಜಾಗದಲ್ಲಿ ದಿನಗಟ್ಟಲೆ ರಕ್ತ ನಿಂತಿರಲಿಲ್ಲ ಅಂತ ಅಮ್ಮ ಹೇಳಿದ ಮೇಲೇ ಡಾಕ್ಟರಿಗೆ ಹೊಳೆದದ್ದು. ಆಮೇಲೆ ಗರ್ಭಿಣಿ ಆದ ಶುರುವಿನಿಂದಲೇ ಕ್ರಯೋಪ್ರೆಸಿಪಿಟೇಟ್ (ದಾನಿಗಳ ರಕ್ತದಿಂದ ತೆಗೆದ, ಆ ಅಂಶ ಇರುವ ಭಾಗ) ಕೊಡುತ್ತಾ ಬಂದರು, ಮಗ ಹುಟ್ಟಿದ. ಇಂಥವರಿಗೆ ಹೆಪಾರಿನ್ ಕೊಟ್ಟರೆ ಅಪಾಯ. ಹಾಗಾಗಿ ಡಾಕ್ಟರ್ ಕೇಳದಿದ್ದರೂ ಹೇಳಿ: ಚಿಕ್ಕಂದಿನಲ್ಲಿ ಗಾಯ ಆದಾಗ ರಕ್ತ ನಿಲ್ಲುತ್ತಿತ್ತಾ, ತಂದೆ ತಾಯಿ ಸಂಬಂಧದವರಾ.

ಕೊಪ್ಪದಿಂದ, ಗಂಡನ ಕಡೆಯ ಮಾತು

ನನ್ನ ಹೆಂಡತಿಗೆ ದಿನಾ ಇಂಜೆಕ್ಷನ್ ಕೊಟ್ಟದ್ದು ನಾನೇ. ನಿಮ್ಮ ಯಜಮಾನರಿಗೂ ಕಲಿಯೋಕೆ ಹೇಳಿ. ನಿಮಗೆ ಸುಸ್ತಾದ ದಿನ ಇನ್ನೊಂದು ಕೈ ಇರಲಿ.

ಹೆರಿಗೆ ಆಷಾಢದ ಸುಮಾರಿಗೆ ಬೀಳುತ್ತೆ ಅಂತಾದರೆ ಎಲ್ಲಿ ಅಂತ ಈಗಲೇ ತೀರ್ಮಾನ ಮಾಡಿ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗ್ತೀವಿ ಅಂದುಕೊಂಡಿದ್ದರೆ, ಜೋರು ಮಳೆಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗಬಹುದು. ನಾವು ದಿನ ಹತ್ತಿರ ಬಂದಾಗ ಶಿವಮೊಗ್ಗದಲ್ಲೇ ನೆಂಟರ ಮನೆಯಲ್ಲಿ ಉಳಿದೆವು. ಒಂದು ಕಾಲು ಮಾತ್ರ ಊದಿ ನೋವು ಬಂದರೆ, ಉಸಿರು ಕಟ್ಟಿದಂತಾದರೆ, ಬೆಳಗಾಗಲಿ ಅಂತ ಕಾಯಬೇಡಿ. ಹೆರಿಗೆ ಆದ ಮೇಲೂ ಸಾಮಾನ್ಯವಾಗಿ 6 ವಾರ ಇಂಜೆಕ್ಷನ್ ಇರುತ್ತೆ, ಮಗು ಬಂತು ಅಂತ ಬಿಡಬೇಡಿ. ಹೆರಿಗೆ ನೋವು ಶುರುವಾದರೆ ಮುಂದಿನ ಡೋಸ್ ತಗೊಳ್ಳದೆ ಆಸ್ಪತ್ರೆಗೆ ಹೊರಡಿ. ಮೇಲೆ ಹೇಳಿದ 40ರ ಡೋಸ್ ಆಗಿ 12 ಗಂಟೆ ಕಳೆಯದೆ ಬೆನ್ನಿಗೆ ಅರಿವಳಿಕೆ ಕೊಡೋದಿಲ್ಲ. ಕೊನೆಯ ಇಂಜೆಕ್ಷನ್ ಎಷ್ಟು ಗಂಟೆಗೆ ಆಯಿತು ಅಂತ ತಾಯಿ ಕಾರ್ಡಿನ ಮೇಲೆ ಬರೆದಿಡಿ, ಅಲ್ಲಿ ಕೇಳೋದು ಅದನ್ನೇ.