ಎ ಇಂದ ಎಫ್‌ವರೆಗೆ

ಮೂರು ವರ್ಷದಿಂದ ಪಾಣಿಯ ಕೊರಳಲ್ಲಿ ಕಂಪನಿಯ ಐಡಿ ಕಾರ್ಡು ತಾಳಿಯ ಹಾಗೆ ನೇತಾಡುತ್ತಿತ್ತು. ಭಾನುವಾರ ಜಯನಗರದ ದರ್ಶಿನಿಗೆ ಕಾಫಿ ಕುಡಿಯಲು ಬರುವಾಗಲೂ ತೆಗೆಯುತ್ತಿರಲಿಲ್ಲ. ಮೊನ್ನೆ ಬೋಳು ಕೊರಳಲ್ಲಿ ಬಂದ.

"ಏನೋ, ತೆಗೆದುಬಿಟ್ರಾ?" ಅಂದ ಮೂರ್ತಿ. ಸಾಫ್ಟ್‌ವೇರಿನವನು, ಪಾಪ. ಅವನಿಗೆ ಮೊದಲು ಹೊಳೆಯುವುದೇ ಅದು.

"ನಾನೇ ಬಿಟ್ಟೆ ಕಣೋ. ಆಡಿಟರ್ ಆಫೀಸು ಸೇರಿದೆ."

ಸೀನಣ್ಣ ಬೈಟೂ ಕಾಫಿಯ ಲೋಟ ಕೆಳಗಿಟ್ಟರು. ಅವರದು ಹಾರ್ಡ್‌ವೇರ್ ಅಂಗಡಿ. ಆಡಿಟರ್ ಅಂದರೆ ಅವರ ಪಾಲಿಗೆ ಡಾಕ್ಟರೂ ಹೌದು, ಪೊಲೀಸೂ ಹೌದು. "ಒಳ್ಳೇದಾಯ್ತು ಬಿಡಪ್ಪ" ಅಂದರು. ಮುಖದಲ್ಲಿ ಮಾತ್ರ ಒಳ್ಳೆಯದಾದ ಗುರುತು ಕಾಣಲಿಲ್ಲ.

ಪಾಣಿ ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆ, ಪಾಸಾಗಿ ಇನ್ನೂ ವರ್ಷ ತುಂಬಿಲ್ಲ. ಆಡಿಟರ್ ಕೈಕೆಳಗೆ ಕಲಿಯುವ ಆರ್ಟಿಕಲ್‌ಶಿಪ್ ಮುಗಿದರೂ ಫೈನಲ್ ಕೈಕೊಡುತ್ತಲೇ ಇತ್ತು. ಮನೆಯಲ್ಲಿ ಸುಮ್ನೆ ಕೂತರೆ ಮರ್ಯಾದೆ ಇರುವುದಿಲ್ಲ ಅಂತ ಕಂಪನಿ ಸೇರಿ, ರಾತ್ರಿ ಓದಿ ಪರೀಕ್ಷೆ ಕಟ್ಟುತ್ತಿದ್ದ. ಪ್ರತಿ ಪೇಪರಿಗೂ 40 ಬರಬೇಕು, ಒಟ್ಟು ಶೇಕಡ 50 ಆಗಬೇಕು. ಒಂದು ಸಲ ಎಲ್ಲ ಚೆನ್ನಾಗಿ ಬಂದು ಒಂದೇ ಒಂದು ಪೇಪರಿನಲ್ಲಿ 39 ಬಂತು. ಆಮೇಲೆ ಒಂದು ತಿಂಗಳು ನಾವ್ಯಾರೂ ಅವನೆದುರಿಗೆ ಮೂವತ್ತೊಂಬತ್ತು ಅನ್ನುವ ಮಾತೇ ಎತ್ತಲಿಲ್ಲ. ದರ್ಶಿನಿಯ ಬಿಲ್ಲು 39 ಆದರೆ 40 ಕೊಟ್ಟು, ಚಿಲ್ಲರೆ ಬಿಟ್ಟು ಓಡಿ ಬರುತ್ತಿದ್ದೆವು.

"ಪಾಸಾದವರೆಲ್ಲ ಕಂಪನಿ ಕಡೆ ಓಡ್ತಾರೆ. ನೀನು ನೋಡಿದ್ರೆ ಎಲ್ಲರೂ ಇಳಿಯೋ ಸ್ಟಾಪಲ್ಲಿ ಬಸ್ಸು ಹತ್ತಿದೀಯ" ಅಂದ ಮೂರ್ತಿ. "ಸಂಬಳ ಜಾಸ್ತಿನಾ?"

"ಕಮ್ಮಿ."

"ಕೆಲಸ?"

"ಜಾಸ್ತಿ."

"ಮತ್ತೆ ಏನು ದೆವ್ವ ಬಡೀತು?"

"ಎ ಇಂದ ಎಫ್" ಅಂದ ಪಾಣಿ.

ಕಂಪನಿಯಲ್ಲಿ ಅವನ ಕೆಲಸ ಸರಕು ಕೊಟ್ಟವರ ಬಿಲ್ಲು ಪಾಸು ಮಾಡುವುದು. ಕಂಪನಿ ಕೊಟ್ಟ ಆರ್ಡರು ಒಂದು, ಮಾಲು ಬಂದ ಚೀಟಿ ಒಂದು, ಅವರು ಕಳಿಸಿದ ಬಿಲ್ಲು ಒಂದು. ಮೂರೂ ತಾಳೆಯಾದರೆ ಎಸ್‌ಎಪಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ 'ಮಿರೋ' ಅಂತ ಹೊಡೆದು ಮುಂದಕ್ಕೆ ತಳ್ಳುವುದು. ಅದೂ ಎಲ್ಲರ ಬಿಲ್ಲಲ್ಲ. ಹೆಸರು ಇಂಗ್ಲಿಷಿನ ಎ ಇಂದ ಎಫ್‌ವರೆಗೆ ಇದ್ದವರು ಇವನ ಪಾಲು. ಜಿ ಇಂದ ಆಚೆಗಿನವರು ಪಕ್ಕದ ಸೀಟಿನವಳ ಪಾಲು.

"ಮೂರು ವರ್ಷ ಮಾಡಿದೆ ಕಣ್ರೋ. ಕಂಪನಿಗೆ ಲಾಭವೋ ನಷ್ಟವೋ ಅಂತ ಪೇಪರ್ ಓದಿ ತಿಳ್ಕೋಬೇಕಿತ್ತು. ಜಿ ಅಕ್ಷರದವರು ಬಿಲ್ಲು ಹೇಗೆ ಹಾಕ್ತಾರೆ ಅಂತಾನೂ ಗೊತ್ತಿಲ್ಲ. ಪಾಸಾದ ಮೇಲೆ ಮ್ಯಾನೇಜರ್ ಕರೆದು ಪ್ರಮೋಷನ್ ಅಂದರು. ಏನು ಸಾರ್ ಅಂದೆ. ಎ ಇಂದ ಕೆ!"

ಇನ್ನೊಂದು ಕಾರಣ ಅವನ ಅಮ್ಮ. ನಮ್ಮ ಕಡೆ ಸಿಎ ಅಂದರೆ ಜನ 'ಹಾಗಂದ್ರೆ?' ಅನ್ನುತ್ತಾರೆ. ಆಡಿಟರ್ ಅಂದರೆ ಎದ್ದು ಕುರ್ಚಿ ಕೊಡುತ್ತಾರೆ. ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ "ಆಡಿಟರ್ ಅಂತೀರಿ, ಬೋರ್ಡು ಎಲ್ಲಿದೆ?" ಅಂತ ಕೇಳಿದ್ದರಂತೆ.

"ಈಗ ಬೋರ್ಡು ಇದೆಯಾ?" ಅಂತ ನಾನು ಕೇಳಿದೆ.

"ನಮ್ಮ ಸಾರ್‌ದು ಇದೆ. ಅದರ ಕೆಳಗೆ ನಾನು ನಿಂತ್ಕೋತೀನಿ. ಸಹಿಯೂ ಅವರದೇ. ಒಂದೊಂದು ಸಹಿಗೂ 18 ಅಕ್ಷರದ ಯುಡಿಐಎನ್ ಅಂತ ನಂಬರ್ ತಗೋಬೇಕು, ಅದರೊಳಗೆ ಅವರ ಮೆಂಬರ್‌ಶಿಪ್ ನಂಬರ್ ಕೂತಿರುತ್ತೆ. ತಪ್ಪಾದರೆ ನೇರ ಅವರ ಕುತ್ತಿಗೆಗೆ. ಸಾರ್ ಪೆನ್ನು, ನಾನು ಪೆನ್ಸಿಲ್ಲು."

"ನಾಲ್ಕು ಅಂಗಡಿ ಸುತ್ತಿ ನೀನೇ ಗಿರಾಕಿ ಹಿಡಿಯೋದು ತಾನೇ?" ಅಂದರು ಸೀನಣ್ಣ.

"ಹಾಗೆಲ್ಲ ಕೆಲಸ ಕೊಡಿ ಅಂತ ಹೋಗಿ ಕೇಳೋ ಹಾಗಿಲ್ಲ ಸೀನಣ್ಣ. 1949ರ ಕಾಯ್ದೆ ಇದೆ."

"ಕೇಳದೆ ಹೋದರೆ ಯಾರು ಕೊಡ್ತಾರೆ?"

"ಮದುವೆ ಮನೇಲಿ ಸಿಕ್ಕಿದವರು. ಆದರೆ ಅವರು ದುಡ್ಡು ಕೊಡಲ್ಲ."

ಹೊಸ ಆಫೀಸಿನ ಮೊದಲ ದಿನವೇ ಪಾಣಿಯ ಗರ್ವ ಇಳಿದಿತ್ತು. ಟ್ಯಾಲಿ ತೆರೆದು ಕೂತ. ಹುಟ್ಟಿದ್ದೇ ಬೆಂಗಳೂರಿನಲ್ಲಿ ಆ ಸಾಫ್ಟ್‌ವೇರು, ನಮ್ಮೂರ ಕೂಸು. ಕೈ ಮಾತ್ರ ಎಸ್‌ಎಪಿಗೆ ಒಗ್ಗಿಹೋಗಿತ್ತು. ಜರ್ನಲ್ ಎಂಟ್ರಿ ಎಲ್ಲಿ ಅಂತ ಮೌಸು ಹಿಡಿದು ಪರದೆಯೆಲ್ಲ ಹುಡುಕಿದನಂತೆ. ಪಕ್ಕದಲ್ಲಿದ್ದ ಆರ್ಟಿಕಲ್‌ಶಿಪ್ ಹುಡುಗಿ, ಇಪ್ಪತ್ತು ವರ್ಷದವಳು, ತಲೆ ಎತ್ತದೆ "ಎಫ್7 ಸಾರ್" ಅಂದಳು. ಐದು ನಿಮಿಷ ಬಿಟ್ಟು "ಅದು ಕಾಂಟ್ರಾ ಸಾರ್, ಎಫ್4" ಅಂದಳು. ನಗದು ಬ್ಯಾಂಕಿಗೆ ಹೋದದ್ದು, ಬಂದದ್ದು ಬರೆಯುವ ಜಾಗ ಅದು. ಸಾರ್ ಸಾರ್ ಅನ್ನುತ್ತಲೇ ಮಾನ ಕಳೆದಳು.

"ಕೊನೆಗೂ ಒಂದು ಜಿ ಸಿಕ್ತು" ಅಂದ ಪಾಣಿ, ಕಣ್ಣರಳಿಸಿ. "ನನ್ನ ಮೊದಲ ಪಾರ್ಟಿ. ಹೆಸರು ಹೇಳೋ ಹಾಗಿಲ್ಲ. ಜಿ ಇಂದ ಶುರುವಾಗುತ್ತೆ, ಅಷ್ಟೇ."

"ಯಾವ ರಸ್ತೆ?" ಅಂದರು ಸೀನಣ್ಣ ಥಟ್ಟನೆ.

"ಅದೂ ಹೇಳೋ ಹಾಗಿಲ್ಲ."

ಆ ಮನುಷ್ಯ ವರ್ಷದ ಲೆಕ್ಕವನ್ನೆಲ್ಲ ಒಂದು ಸ್ವೀಟ್ ಡಬ್ಬದಲ್ಲಿ ತಂದಿದ್ದ. ಮೂರು ಕೆಜಿಯದು. ತಳದ ಬಿಲ್ಲುಗಳಿಗೆ ಮೈಸೂರುಪಾಕಿನ ತುಪ್ಪ ಇಳಿದು, ಒಂದರ ಅಂಕಿ ಇನ್ನೊಂದರಲ್ಲಿ ಮೂಡಿತ್ತು. ಮೇಲೊಂದು ಕಂತೆ ಬರೀ ಬಿಳಿ ಚೀಟಿ. ಬಂಕಿನಲ್ಲಿ ಮೆಷಿನ್ನು ಕೊಡುವ ಆ ನುಣುಪು ಕಾಗದ ಗೊತ್ತಲ್ಲ, ನಾಲ್ಕು ತಿಂಗಳಿಗೆ ಅಕ್ಷರ ಹಾರಿಹೋಗುತ್ತದೆ.

"ಇದೇನು ಅಂದೆ. ಪೆಟ್ರೋಲು ಸಾರ್ ಅಂದ. ಏನೂ ಕಾಣ್ತಿಲ್ಲವಲ್ರೀ ಅಂದೆ. ಮೂಸಿ ನೋಡಿ ಸಾರ್ ಅಂದ."

"ಮೂಸಿದೆಯಾ?" ಅಂದ ಮೂರ್ತಿ.

"ಮೂಸಿದೆ. ಮೈಸೂರುಪಾಕು."

ಮೂರ್ತಿಗೆ ಕಾಫಿ ನೆತ್ತಿಗೇರಿತು. ಅವನ ಬೆನ್ನು ತಟ್ಟಿ ಸುಧಾರಿಸುವಷ್ಟರಲ್ಲಿ ಪಾಣಿ ಕೂಲಿ ವೋಚರಿಗೆ ಬಂದಿದ್ದ. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಇನ್‌ಕಂ ಟ್ಯಾಕ್ಸ್ ಲೆಕ್ಕದಲ್ಲಿ ಒಪ್ಪುವುದಿಲ್ಲ. ಈ ಗಿರಾಕಿಗೆ ಅದು ಚೆನ್ನಾಗಿ ಗೊತ್ತಿತ್ತು. ಮಾಲು ಇಳಿಸಿದ ಕೂಲಿ ಅಂತ ಐದು ವೋಚರು, ಎಲ್ಲವೂ 9,900. ಐದು ಬೇರೆ ಬೇರೆ ಹೆಸರು. ಒಂದೇ ಪೆನ್ನು, ಒಂದೇ ಕೈಬರಹ. ಕೆಳಗೆ ನೇರಳೆ ಶಾಯಿಯ ಹೆಬ್ಬೆಟ್ಟು. ಹೆಬ್ಬೆಟ್ಟಿನ ನಡುವೆ ಹಳೆಯ ಗಾಯದ ಅಡ್ಡಗೆರೆ. ಐದರಲ್ಲೂ ಅದೇ ಗೆರೆ.

"ಅಣ್ಣತಮ್ಮಂದಿರು ಇರಬಹುದು" ಅಂದರು ಸೀನಣ್ಣ.

"ಹೆಬ್ಬೆಟ್ಟು ಹೋಗಲಿ ಸೀನಣ್ಣ. ತಾರೀಕು ನೋಡಿದೆ. ಭಾನುವಾರ. ನಿಮ್ಮ ಅಂಗಡಿ ಭಾನುವಾರ ಬಾಗಿಲು ಹಾಕಿರುತ್ತಲ್ಲ ಅಂದೆ."

"ಏನಂದ?"

"ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಹೋದ ವರ್ಷದವರು ಇಷ್ಟೊಂದು ಓದ್ತಿರಲಿಲ್ಲ ಸಾರ್ ಅಂದ."

ಸೀನಣ್ಣ ನಗಲಿಲ್ಲ. ತಮ್ಮ ಬಲಗೈ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡರು ಅಂತ ನನ್ನ ಅನುಮಾನ. ನಾನು ಶಾಲೆ ಮೇಷ್ಟ್ರು. ಹೋಮ್‌ವರ್ಕು ಅಪ್ಪ ಬರೆದದ್ದೋ ಮಗ ಬರೆದದ್ದೋ ಗೊತ್ತಾಗುತ್ತದೆ. ಈ ವಿದ್ಯೆಗೆ ಅಷ್ಟೊಂದು ಪೇಪರು ಯಾಕೆ ಬೇಕಿತ್ತೋ.

ಆದರೆ ಪಾಣಿ ಕಂಪನಿಯ ದಿನಗಳನ್ನು ನೆನೆದು ನಕ್ಕದ್ದು ಇನ್ನೊಂದು ವಿಷಯಕ್ಕೆ. ಆಗ ಆಡಿಟರುಗಳು ಬಂದರೆ ಅವರಿಗೆ ಜಾಗ ತೋರಿಸುವ ಕೆಲಸ ಇವನದೇ. ಪ್ಯಾಂಟ್ರಿ ಪಕ್ಕದ, ಫ್ಯಾನು ಕಟಕಟ ಅನ್ನುವ ರೂಮು ಕೊಡುತ್ತಿದ್ದ. ಕೇಳಿದ ಫೈಲನ್ನು ಮೂರನೇ ದಿನ ಕೊಡುತ್ತಿದ್ದ. ಮೊದಲೆರಡು ದಿನ ಬರೀ ಬಿಸ್ಕತ್ತು. ಈಗ ಒಂದು ಕಂಪನಿಗೆ ಆಡಿಟಿಗೆ ಹೋದರೆ ಇವನಂಥದೇ ಒಬ್ಬ ಹುಡುಗ, ಕೊರಳಲ್ಲಿ ಕಾರ್ಡು, ನಗುತ್ತಾ ಜೆರಾಕ್ಸ್ ಮೆಷಿನ್ ಪಕ್ಕದ ರೂಮಿಗೆ ಕರೆದುಕೊಂಡು ಹೋದ. ಬಿಸ್ಕತ್ತು ಇಟ್ಟ.

"ನಂಗೊತ್ತು ಕಣಪ್ಪ, ಬಿಸ್ಕತ್ತು ಬೇಡ, ಫೈಲು ತಾ ಅಂದೆ. ಹುಡುಗ ಬೆವೆತುಹೋದ. ಎಷ್ಟು ವರ್ಷದಿಂದ ಇದೀಯ ಅಂದೆ. ಎರಡು ವರ್ಷ ಸಾರ್, ಎಲ್ ಇಂದ ಪಿ ಅಂದ."

ಇನ್ನು ನೆಂಟರ ಕಥೆ ಇದ್ದೇ ಇದೆ. ಚಿಕ್ಕಪ್ಪನ ಸಂಬಳದ ಟ್ಯಾಕ್ಸ್ ಫಾರ್ಮು, ಅತ್ತೆಯ ಎಫ್‌ಡಿ ಬಡ್ಡಿಗೆ ಟ್ಯಾಕ್ಸ್ ಹಿಡೀಬೇಡಿ ಅನ್ನುವ ಫಾರ್ಮು, ಎಲ್ಲ ಪುಕ್ಕಟೆ. ಇನ್‌ಕಂ ಟ್ಯಾಕ್ಸ್ ಕಾಯ್ದೆಯೂ ಬದಲಾಗಿ ಕೂತಿದೆ. 1961ರದನ್ನು ಅಷ್ಟು ವರ್ಷ ಬಾಯಿಪಾಠ ಮಾಡಿ ಪಾಸಾದ. 2026ರ ಏಪ್ರಿಲ್ 1ಕ್ಕೆ ಹೊಸ ಕಾಯ್ದೆ ಜಾರಿ. ಉಳಿತಾಯಕ್ಕೆ ವಿನಾಯಿತಿ ಕೊಡುವ, ಎಲ್‌ಐಸಿ ಏಜೆಂಟರಿಗೂ ಬಾಯಲ್ಲಿದ್ದ ಸೆಕ್ಷನ್ 80ಸಿ ಈಗ 123. ಅದಕ್ಕೆ ಹಿಂದಿನ ಲೆಕ್ಕಕ್ಕೆ ಹಳೆಯದು, ಮುಂದಿನದಕ್ಕೆ ಹೊಸದು. "ಎರಡು ಸಂಸಾರ ಇದ್ದ ಹಾಗೆ. ಒಬ್ಬಳ ಹೆಸರು ಹಿಡಿದು ಇನ್ನೊಬ್ಬಳನ್ನು ಕರೀಬಾರದು" ಅಂದ, ಮದುವೆಯೇ ಆಗದ ಪಾಣಿ.

"ಕಂಪನಿಗೆ ವಾಪಸ್ ಹೋಗಲ್ವಾ?" ಅಂದ ಮೂರ್ತಿ.

"ಸೆಪ್ಟೆಂಬರ್ 30 ಕಳೀಲಿ, ಕೇಳು." ಟ್ಯಾಕ್ಸ್ ಆಡಿಟ್ ರಿಪೋರ್ಟಿನ ಕೊನೆಯ ದಿನ ಅದು. "ಈಗ ಕೇಳಿದ್ರೆ ಹೋಗ್ತೀನಿ ಅಂದುಬಿಡ್ತೀನಿ."

ಬಿಲ್ಲು ಬಂತು. ಸೀನಣ್ಣನೇ ಕೊಟ್ಟರು. ಕೊಟ್ಟು, ಚೀಟಿಯನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಳಿಸಿದರು.

"ಅದು ಯಾಕೆ ಸೀನಣ್ಣ?" ಅಂದ ಪಾಣಿ.

"ಅಂಗಡಿ ಖರ್ಚಿಗೆ. ಸ್ಟಾಫ್ ವೆಲ್ಫೇರ್."

"ಇವತ್ತು ಯಾವ ವಾರ?"

ಸೀನಣ್ಣ ಚೀಟಿಯನ್ನು ಹೊರಗೆ ತೆಗೆದರು. ಬಿಸಿಲಿಗೆ ಹಿಡಿದರು. ಹೆಬ್ಬೆರಳಿನಿಂದ ತಾರೀಕಿನ ಮೇಲೆ ಒಮ್ಮೆ ಸವರಿದರು.

"ಇರ್ಲಿ ಬಿಡು" ಅಂದರು. "ನುಣುಪು ಕಾಗದ. ಮಾರ್ಚ್ ಹೊತ್ತಿಗೆ ಹಾರಿಹೋಗಿರುತ್ತೆ."